ಹಿಂದಿನ ಸಾಲಿಗೆ ಕೇಳಿಸದ ವೀಣೆ

ನನಗೆ ಸಂಗೀತ ಬರುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಯಾಕೆಂದರೆ ಮೈಸೂರಿನಲ್ಲಿ ಸಂಗೀತದ ಬಗ್ಗೆ ಬಾಯಿಬಿಟ್ಟರೆ ಎದುರಿಗಿರುವವರು ಕೇಳುವ ಮೊದಲ ಪ್ರಶ್ನೆಯೇ 'ಯಾರ ಹತ್ರ ಪಾಠ?' ಅಂತ. ಯಾರ ಹತ್ತಿರವೂ ಇಲ್ಲ. ನಾನು ಕಲಿತಿದ್ದೇನಾದರೂ ಇದ್ದರೆ ಅದು ಒಂದು ಗೋಡೆಯ ಹತ್ತಿರ.

1998ರಲ್ಲಿ ಕೆಲಸ ಸಿಕ್ಕಿ ಮಂಡ್ಯದಿಂದ ಮೈಸೂರಿಗೆ ಬಂದೆ. ಕೃಷ್ಣಮೂರ್ತಿಪುರಂನಲ್ಲಿ ಒಂದು ಹಳೇ ಹೆಂಚಿನ ಮನೆಯ ಹಿಂಭಾಗದ ರೂಮು ಬಾಡಿಗೆಗೆ ಸಿಕ್ಕಿತು. ನನ್ನ ರೂಮಿಗೂ ಪಕ್ಕದ ಮನೆಗೂ ನಡುವೆ ಒಂದೇ ಗೋಡೆ. ಮೇಲ್ಗಡೆ ಗಾಳಿಯಾಡಲು ಬಿಟ್ಟ ಎರಡು ಕಿಂಡಿ. ಆ ಮನೆಯಲ್ಲಿ ವಯಸ್ಸಾದ ಒಬ್ಬರು ಟೀಚರಮ್ಮ ಮಕ್ಕಳಿಗೆ ವೀಣೆ ಹೇಳಿಕೊಡುತ್ತಿದ್ದರು. ಸಂಜೆ ಐದೂವರೆಗೆ ಶುರುವಾದರೆ ಎಂಟು ಗಂಟೆವರೆಗೂ ಪಾಠ. ನಾನು ಆರು ಗಂಟೆಗೆ ಬಂದು, ಅನ್ನಕ್ಕಿಟ್ಟು, ಚಾಪೆ ಮೇಲೆ ಗೋಡೆಗೆ ಒರಗಿ ಕೂರುತ್ತಿದ್ದೆ. ಕೇಳಬೇಕು ಅಂತ ಕೇಳಿದ್ದಲ್ಲ. ಕೂರುವುದಕ್ಕೆ ಬೇರೆ ಜಾಗ ಇರಲಿಲ್ಲ.

ಅದಕ್ಕೆ ಮೊದಲು ನನ್ನ ಕಿವಿಗೆ ಬಿದ್ದ ಸಂಗೀತವೇ ಬೇರೆ. ಮಂಡ್ಯ ಕಡೆಯ ಹಳ್ಳಿಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ, ನಮ್ಮಲ್ಲಿ ಸಂಗೀತ ಅಂದರೆ ನಾಟಕ. ಕುರುಕ್ಷೇತ್ರ. ಊರಿನವರೇ ಪಾತ್ರಕ್ಕೆ ಇಷ್ಟು ಅಂತ ದುಡ್ಡು ಕಟ್ಟಿ, ಡ್ರಾಮಾ ಮೇಷ್ಟ್ರನ್ನು ಕರೆಸಿ, ತಿಂಗಳುಗಟ್ಟಲೆ ರಾತ್ರಿ ಪ್ರಾಕ್ಟೀಸ್ ಮಾಡಿ, ಕೊನೆಗೆ ಒಂದು ರಾತ್ರಿ ಸೀನರಿ ಕಟ್ಟಿಸಿ ಬೆಳಗಿನ ಜಾವದವರೆಗೂ ಆಡುವುದು. ನಮ್ಮ ಚಿಕ್ಕಪ್ಪ ಕೃಷ್ಣನ ಪಾರ್ಟು. ಹಗಲು ಕಬ್ಬಿನ ಗದ್ದೆ, ರಾತ್ರಿ ಕೊಳಲು, ನವಿಲುಗರಿ. ಹಾರ್ಮೋನಿಯಂ ಮೇಷ್ಟ್ರು ಬಿಳಿ ನಾಲ್ಕಕ್ಕೆ, ಅಂದರೆ ನಾಲ್ಕನೇ ಬಿಳಿ ಮನೆಗೆ, ಶ್ರುತಿ ಕೊಟ್ಟರೆ ಚಿಕ್ಕಪ್ಪ ಕಂದಪದ್ಯ ಎತ್ತುತ್ತಿದ್ದರು. ಪದ್ಯದ ಕೊನೆಯ ಅಕ್ಷರವನ್ನು ಹಿಡಿದು ಎಳೆದು, ಮೇಲೆ ಹತ್ತಿಸಿ, ತಿರುಗಿಸಿ ಕೆಳಗಿಳಿಸುವಷ್ಟರಲ್ಲಿ ಜನ 'ಒನ್ಸ್‌ಮೋರ್' ಅಂತ ಕೂಗುತ್ತಿದ್ದರು. ಚಿಕ್ಕಪ್ಪ ಮತ್ತೆ ಮೊದಲಿಂದ.

ಅದು ಮೋಹನ ರಾಗ ಅಂತ ಆಗ ಗೊತ್ತಿರಲಿಲ್ಲ. ಅವರಿಗೂ ಹೆಸರಷ್ಟೇ ಗೊತ್ತಿತ್ತು ಅಂತ ಕಾಣುತ್ತದೆ. ಆದರೆ ಅದನ್ನು ಹಾಡಿದಾಗ ಕೃಷ್ಣ ಬಂದ ಅಂತ ಕಣ್ಣು ಮುಚ್ಚಿಕೊಂಡಿದ್ದರೂ ತಿಳಿಯುತ್ತಿತ್ತು.

ಇಂಥ ಕಿವಿ ಹೊತ್ತುಕೊಂಡು ಬಂದವನಿಗೆ ಗೋಡೆಯಾಚೆಯ ಆ ಸಣ್ಣ ಸದ್ದು ಮೊದಮೊದಲು ಸಂಗೀತ ಅಂತಲೇ ಅನ್ನಿಸಲಿಲ್ಲ. ಯಾರೋ ಪಾತ್ರೆ ಜೋಡಿಸುತ್ತಿದ್ದಾರೆ ಅಂದುಕೊಂಡ ದಿನವೂ ಇದೆ. ಟೀಚರಮ್ಮನ ಮುಖ ನೋಡುವ ಹೊತ್ತಿಗೆ ಮೂರು ತಿಂಗಳಾಗಿತ್ತು. ಅಷ್ಟರೊಳಗೆ ಅವರ ಶಿಷ್ಯರೆಲ್ಲ ನನಗೆ ಪರಿಚಯವಾಗಿಬಿಟ್ಟಿದ್ದರು, ಅವರವರ ತಪ್ಪುಗಳಿಂದ. ಒಬ್ಬಳು ಸ್ವರಗಳನ್ನು ಜೋಡಿಜೋಡಿಯಾಗಿ ನುಡಿಸುವ ಜಂಟಿ ವರಸೆಯಲ್ಲಿ ಮೂರನೇ ಕಾಲಕ್ಕೆ, ಅಂದರೆ ಮೂರನೇ ವೇಗಕ್ಕೆ, ಹೋದ ಕೂಡಲೇ ಎಡವುತ್ತಿದ್ದಳು. ಒಬ್ಬ ಹುಡುಗ ಶುರು ಮಾಡುವ ಮೊದಲು ತಾಳದ ತಂತಿಯನ್ನು ಸುಮ್ನೆ ಎರಡು ಸಲ ಝಲ್ ಅನ್ನಿಸುತ್ತಿದ್ದ. ಮಂಗಳವಾರ ಬರುವ ಹುಡುಗಿಗೆ ತಂತಿ ಬಿಗಿ ಮಾಡುವ ಬಿರಡೆ ತಿರುಗಿಸುವುದೆಂದರೆ ಭಯ, 'ನೀವೇ ಮಾಡಿ ಟೀಚರ್' ಅನ್ನುತ್ತಿದ್ದಳು.

ಹೊಸಬರಿಗೆ ಮೊದಲು ಹೇಳಿಕೊಡುವ ಮಾಯಾಮಾಳವಗೌಳ ರಾಗದ ಸರಳೆ ವರಸೆ ಕೇಳಿದೆ. ಮಲಹರಿಯ 'ಲಂಬೋದರ ಲಕುಮಿಕರ' ಎಷ್ಟು ಸಲ ಕೇಳಿದೆನೋ ಲೆಕ್ಕವಿಲ್ಲ. ಆಮೇಲೆ ಒಬ್ಬಳು 'ವರವೀಣಾ ಮೃದುಪಾಣಿ' ಶುರು ಮಾಡಿದಳು. ಎರಡನೇ ದಿನವೋ ಮೂರನೇ ದಿನವೋ ಒಲೆಯ ಮುಂದೆ ಕೂತಿದ್ದವನು ತಲೆ ಎತ್ತಿದೆ. ಅರೆ, ಇದು ಚಿಕ್ಕಪ್ಪನ ಕೃಷ್ಣ ಅಲ್ವಾ? ಅದೇ ಐದು ಸ್ವರ. ಆದರೆ ಕೃಷ್ಣ ಇಲ್ಲಿ ಸ್ಟೇಜ್ ಮೇಲೆ ಬರುತ್ತಿರಲಿಲ್ಲ. ಹಿತ್ತಲ ಬಾಗಿಲಿಂದ ಮೆಲ್ಲಗೆ ಒಳಗೆ ಬರುತ್ತಿದ್ದ.

ನನ್ನ ರುಚಿ ಅಂತ ಏನಿದೆಯೋ ಅದೆಲ್ಲ ಅಲ್ಲಿಂದ ಹುಟ್ಟಿದ್ದು. ಎಲ್ಲರೂ ಕಛೇರಿ ಕೇಳಿ ಕೇಳಿ ಸಂಗೀತಕ್ಕೆ ಬೀಳುತ್ತಾರೆ. ನಾನು ಪಾಠ ಕೇಳಿ ಬಿದ್ದೆ. ಹಾಗಾಗಿ ಇವತ್ತಿಗೂ ಬಹಳ ಹೊತ್ತು ಹಿಗ್ಗಿಸಿ ನುಡಿಸುವ ದೊಡ್ಡ ರಾಗ-ತಾನ-ಪಲ್ಲವಿಗಿಂತ ಶುರುವಿನಲ್ಲಿ ನುಡಿಸುವ ವರ್ಣ ನನಗೆ ಜಾಸ್ತಿ ಇಷ್ಟ. ಸಭೆಗೆ ತಡವಾಗಿ ಬರುವವರು ವರ್ಣ ತಪ್ಪಿದರೆ ತಲೆ ಕೆಡಿಸಿಕೊಳ್ಳುವುದಿಲ್ಲ, 'ಇನ್ನೂ ಈಗ ಶುರುವಾಗಿರುತ್ತೆ ಬಿಡಿ' ಅನ್ನುತ್ತಾರೆ. ನಾನು ಅದಕ್ಕೇ ಅರ್ಧ ಗಂಟೆ ಮೊದಲೇ ಹೋಗಿ ಕೂರುವವನು. ವರ್ಣದಲ್ಲಿ ರಾಗದ ಎಲ್ಲ ಬಾಗಿಲುಗಳೂ ತೆರೆದಿರುತ್ತವೆ. ಮುಚ್ಚುಮರೆ ಇಲ್ಲ.

ಭೈರವಿಯ 'ವಿರಿಬೋಣಿ' ವರ್ಣದ ಪಾಠ ಐದು ತಿಂಗಳು ನಡೆಯಿತು. ಪಚ್ಚಿಮಿರಿಯಂ ಆದಿಯಪ್ಪಯ್ಯನವರ ಅಟತಾಳದ ವರ್ಣ ಅದು. ಭೈರವಿಯಲ್ಲಿ ಎರಡು ಥರದ ಧೈವತ, ಅಂದರೆ ಸರಿಗಮಪದನಿಯ 'ದ', ಬರುತ್ತವೆ. ಹತ್ತುವಾಗ ಚತುಶ್ರುತಿ ಧೈವತ, ಇಳಿಯುವಾಗ ಶುದ್ಧ ಧೈವತ. ಕಲಿಯುತ್ತಿದ್ದ ಹುಡುಗಿ ಇಳಿಯುವಾಗಲೂ ಹತ್ತುವ ಧೈವತವನ್ನೇ ಹಿಡಿಯುತ್ತಿದ್ದಳು. 'ಇಳೀತಾ ಅದಲ್ಲ ಮಗು, ಇನ್ನೊಂದು ಮೆಟ್ಟಿಲು ಕೆಳಗೆ' ಅನ್ನುತ್ತಿದ್ದರು ಟೀಚರಮ್ಮ. ಮತ್ತೆ ತಪ್ಪು. ಮತ್ತೆ 'ಅದಲ್ಲ'. ನನಗೆ ಈ ಹೆಸರುಗಳೆಲ್ಲ ಆಮೇಲೆ ಗೊತ್ತಾಗಿದ್ದು. ಆದರೆ ತಪ್ಪಾದ ಆ ಸ್ವರ ಬಂದಾಗ ಹಲ್ಲಿನ ಸಂದಿಗೆ ಕಲ್ಲು ಸಿಕ್ಕಿದ ಹಾಗಾಗುತ್ತಿತ್ತು, ಸರಿ ಬಂದ ದಿನ ನಾನು ಗೋಡೆಯ ಈ ಕಡೆ 'ಹಾ' ಅಂದೆ. ಜೋರಾಗಿಯೇ ಅಂದೆ ಅಂತ ಕಾಣುತ್ತೆ. ಆ ಕಡೆ ಒಂದು ಕ್ಷಣ ವೀಣೆ ನಿಂತಿತು.

ಟೀಚರಮ್ಮನ ಪರಿಚಯ ಆದದ್ದು ಅದರ ಮಾರನೇ ದಿನ. 'ಏನಪ್ಪಾ, ಧೈವತ ನಿಮಗೂ ತಿಳೀತಾ?' ಅಂತ ಕಾಂಪೌಂಡಿನ ಮೇಲಿಂದ ಕೇಳಿದರು.

ಆಮೇಲಾಮೇಲೆ ಭಾನುವಾರ ಬೆಳಿಗ್ಗೆ ಒಂದು ಲೋಟ ಕಾಫಿಗೆ ಕರೆಯುತ್ತಿದ್ದರು. ವೀಣೆಯನ್ನು ಹತ್ತಿರದಿಂದ ನೋಡಿದ್ದೇ ಆಗ. ಇಪ್ಪತ್ತನಾಲ್ಕು ಮೆಟ್ಟಿಲು, ಮೇಣದ ಮೇಲೆ ಕೂರಿಸಿದ್ದು. ನುಡಿಸಲು ನಾಲ್ಕು ತಂತಿ, ತಾಳಕ್ಕೆ ಮೂರು. ಒಂದೇ ಮೆಟ್ಟಿಲ ಮೇಲೆ ತಂತಿಯನ್ನು ಪಕ್ಕಕ್ಕೆ ಎಳೆದರೆ ಮುಂದಿನ ಎರಡು ಮೂರು ಸ್ವರಗಳು ಅಲ್ಲೇ ಹುಟ್ಟುತ್ತವೆ. ಚಿಕ್ಕಪ್ಪನ ಹಾರ್ಮೋನಿಯಂ ಮೇಷ್ಟ್ರಿಗೆ ಇದು ಸಾಧ್ಯವಿರಲಿಲ್ಲ. ಅಲ್ಲಿ ಒಂದು ಮನೆಯಿಂದ ಇನ್ನೊಂದು ಮನೆಗೆ ಹಾರಬೇಕು, ನಡುವಿನ ದಾರಿ ಇಲ್ಲ. ಇದೇ ಕಾರಣಕ್ಕೆ ಹಾರ್ಮೋನಿಯಂ ಕಂಡರೆ ಶಾಸ್ತ್ರೀಯ ಸಂಗೀತದವರು ಮೂಗು ಮುರಿಯುತ್ತಿದ್ದರು. 1940ರಿಂದ 1971ರವರೆಗೆ ರೇಡಿಯೋದಲ್ಲಿ ಅದಕ್ಕೆ ಬಹಿಷ್ಕಾರವೇ ಇತ್ತು. ನಮ್ಮ ದೇಶದ ರೇಡಿಯೋಗೆ 'ಆಕಾಶವಾಣಿ' ಅನ್ನುವ ಹೆಸರು ಹೋದದ್ದು ಮೈಸೂರಿನಿಂದ, 1935ರಲ್ಲಿ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲೇ ಶುರು ಮಾಡಿದ ಪುಟ್ಟ ನಿಲಯದಿಂದ. ಅಂಥ ರೇಡಿಯೋದಲ್ಲಿ ನಮ್ಮೂರಿನ ವಾದ್ಯಕ್ಕೆ ಅಷ್ಟು ವರ್ಷ ಜಾಗ ಇರಲಿಲ್ಲ ಅನ್ನುವುದು ನನಗೆ ಇವತ್ತಿಗೂ ಸ್ವಲ್ಪ ಚುಚ್ಚುತ್ತದೆ. ಗಮಕ, ಅಂದರೆ ಸ್ವರಗಳ ನಡುವಿನ ಆ ಜಾರು, ಬರಲ್ಲ ಅನ್ನುವುದು ನಿಜ. ಆದರೆ ಆ ಹಾರ್ಮೋನಿಯಂ ಇಲ್ಲದಿದ್ದರೆ ಗದ್ದೆ ಕೆಲಸದವನ ಬಾಯಿಗೆ ಮೋಹನ ಬರುತ್ತಿತ್ತಾ?

ವೀಣೆಯಲ್ಲೂ ಮೈಸೂರಿನವರದು ಒಂದು ದಾರಿ. ವೀಣೆ ಶೇಷಣ್ಣ, ಅವರ ಶಿಷ್ಯ ವೆಂಕಟಗಿರಿಯಪ್ಪ, ಅವರ ಶಿಷ್ಯ ವಿ. ದೊರೆಸ್ವಾಮಿ ಅಯ್ಯಂಗಾರ್. ತಂತಿ ಎಳೆಯುವುದರಲ್ಲಿ ಹಿಡಿತ, ಮೀಟು ಬಿಡಿಬಿಡಿ, ಸ್ವರ ಸ್ವಚ್ಛ. ಶೇಷಣ್ಣನವರ ಬಗ್ಗೆ ಒಂದು ಕಥೆ ಇದೆ. ಬರೋಡದ ಮಹಾರಾಜರು ಅವರನ್ನು ಪಲ್ಲಕ್ಕಿಯಲ್ಲಿ ಕೂರಿಸಿ ಮೆರವಣಿಗೆ ಮಾಡಿಸಲು ಹೊರಟರೆ, ಅವರು ವೀಣೆಯನ್ನು ಪಲ್ಲಕ್ಕಿಯಲ್ಲಿಟ್ಟು ತಾವು ಪಕ್ಕದಲ್ಲಿ ನಡೆದರಂತೆ. ಟೀಚರಮ್ಮ ಈ ಕಥೆಯನ್ನು ನನಗೆ ನಾಲ್ಕು ಸಲವಾದರೂ ಹೇಳಿರಬೇಕು. ಪ್ರತಿ ಸಲವೂ ಮೊದಲನೇ ಸಲದ ಹಾಗೇ ಕೇಳಿದೆ.

ದೊರೆಸ್ವಾಮಿ ಅಯ್ಯಂಗಾರ್ಯರು ನಾನು ಮೈಸೂರಿಗೆ ಬರುವ ಹಿಂದಿನ ವರ್ಷ, 1997ರಲ್ಲಿ ತೀರಿಕೊಂಡಿದ್ದರು. ಎದುರು ಕೂತು ಕೇಳುವ ಭಾಗ್ಯ ಸಿಗಲಿಲ್ಲ. ಕ್ಯಾಸೆಟ್‌ನಲ್ಲಿ ಕೇಳಿದೆ. ಅವರು ಒಂದು ಸ್ವರ ಮೀಟಿ ಮುಂದಿನ ಸ್ವರಕ್ಕೆ ಹೋಗುವ ಮೊದಲು, ಮೊದಲನೆಯದು ಪೂರ್ತಿ ಮುಗಿಯಲು ಬಿಡುತ್ತಾರೆ. ಯಾರನ್ನೋ ಬಸ್‌ಸ್ಟ್ಯಾಂಡಿಗೆ ಬಿಟ್ಟುಬಂದವರು ಬಸ್ಸು ತಿರುವಿನಲ್ಲಿ ಮರೆಯಾಗುವವರೆಗೂ ನಿಲ್ಲುತ್ತಾರಲ್ಲ, ಹಾಗೆ.

ನಿಧಾನ ನನಗೆ ಹೀಗೆ ಹಿಡಿಸಿತು. ಎಂ. ಡಿ. ರಾಮನಾಥನ್ ಅವರ ಹಾಡಿಕೆ ಮೊದಲ ಸಲ ಕೇಳಿದಾಗ, ಕ್ರಾಸಿಂಗಿಗೆ ಅಂತ ಮದ್ದೂರು ಸ್ಟೇಷನ್ನಿನಲ್ಲಿ ನಿಂತ ಪ್ಯಾಸೆಂಜರ್ ಗಾಡಿಯಲ್ಲಿ ಕೂತ ಹಾಗಿತ್ತು. ಹೊರಡುತ್ತೋ ಇಲ್ವೋ? ಆಮೇಲೆ ತಿಳಿಯಿತು, ಅವರಿಗೆ ಹೊರಡುವ ಅವಸರವೇ ಇಲ್ಲ, ವಡೆ ತಿಂದುಕೊಂಡು ಕೂತರೆ ನಮಗೂ ಇರುವುದಿಲ್ಲ. ಈಗ ಅವರ ಗಂಭೀರವಾದ ಮಂದ್ರ ಸ್ವರ ಕೇಳದೆ ತಿಂಗಳು ಕಳೆದರೆ ಏನೋ ಕಳೆದುಕೊಂಡ ಹಾಗೆ.

ಹಿಡಿಸದವೂ ಇವೆ. ಕದನಕುತೂಹಲ ರಾಗ ನನಗೆ ಆಗುವುದಿಲ್ಲ. ಪಟ್ಣಂ ಸುಬ್ರಹ್ಮಣ್ಯ ಅಯ್ಯರ್ ಅವರ 'ರಘುವಂಶ ಸುಧಾ' ವೀಣೆಯಲ್ಲೋ ಪಿಟೀಲಿನಲ್ಲೋ ಬಂದ ಕೂಡಲೇ ಸಭೆಯೆಲ್ಲ ಹುರುಪಾಗಿ ತೊಡೆ ತಟ್ಟುತ್ತದೆ, ನಾನೊಬ್ಬ ಗಡಿಯಾರ ನೋಡುತ್ತಿರುತ್ತೇನೆ. ಅದೇ ಅಯ್ಯರ್ ಅವರ ಶಿಷ್ಯರಾದ ನಮ್ಮ ಮೈಸೂರು ವಾಸುದೇವಾಚಾರ್ಯರ 'ಬ್ರೋಚೇವಾರೆವರುರಾ' ಒಳ್ಳೆಯ ಕೃತಿ, ಅದರಲ್ಲಿ ಎರಡು ಮಾತಿಲ್ಲ. ಆದರೆ ಮದುವೆಮನೆಯ ವಾದ್ಯದವರಿಂದ ಹಿಡಿದು ಎಲ್ಲರೂ ನುಡಿಸಿ ನುಡಿಸಿ ಖಮಾಚ್ ಅಂದರೆ ಅದೊಂದೇ ಅನ್ನುವ ಹಾಗಾಗಿದೆ. ಎರಡು ವರ್ಷ ಯಾರೂ ಅದನ್ನು ಮುಟ್ಟದೆ ಬಿಟ್ಟರೆ ಮತ್ತೆ ಹೊಸದಾಗಿ ಕೇಳಬಹುದೇನೋ. ಇನ್ನು ಹಾಡುಗಾರರೂ ಮೃದಂಗದವರೂ ಸ್ವರಪ್ರಸ್ತಾರದಲ್ಲಿ, ಅಂದರೆ ತಾಳಕ್ಕೆ ಸರಿಯಾಗಿ ಸ್ವರ ಹೆಣೆಯುತ್ತಾ ಹೋಗುವಲ್ಲಿ, ಜಿದ್ದಿಗೆ ಬೀಳುವುದು. ಆ ಲೆಕ್ಕಾಚಾರ ಸರಿಯಾಗಿ ಬಂದು ಸಮಕ್ಕೆ, ಅಂದರೆ ತಾಳದ ಮೊದಲ ಏಟಿಗೆ, ಇಳಿದಾಗ ಚಪ್ಪಾಳೆ ಬರುತ್ತದೆ. ನನ್ನದು ದಿನವಿಡೀ ಲೆಕ್ಕ ಬರೆಯುವ ಕೆಲಸ. ಟ್ಯಾಲಿ ಆದದ್ದಕ್ಕೆ ಯಾರೂ ನನಗೆ ಚಪ್ಪಾಳೆ ತಟ್ಟಿಲ್ಲ.

ಮೃದಂಗದವರು ಒಂಟಿಯಾಗಿ ನುಡಿಸುವ ತನಿ ಆವರ್ತನ ಶುರುವಾದರೆ ಕಾಫಿಗೆ ಏಳುವವರ ಬಗ್ಗೆ ಬರೆಯೋಣ ಅಂದುಕೊಂಡಿದ್ದೆ. ಆದರೆ ನಾನೂ ಎಷ್ಟೋ ಸಲ ಎದ್ದಿದ್ದೇನೆ.

ಭಾಷೆಯದು ಬೇರೆ ತಕರಾರು. ಎರಡೂವರೆ ಗಂಟೆ ತೆಲುಗು, ಸಂಸ್ಕೃತ ಹಾಡಿ, ಕೊನೆಯಲ್ಲಿ ಜನ ಚಪ್ಪಲಿ ಹುಡುಕುವ ಹೊತ್ತಿಗೆ ಒಂದು ದೇವರನಾಮ. ಪುರಂದರದಾಸರನ್ನು ಸಂಗೀತ ಪಿತಾಮಹ ಅನ್ನುತ್ತೇವೆ. ಪಿತಾಮಹನಿಗೆ ಕೊನೇ ಪಂಕ್ತಿಯಲ್ಲಿ ಎಲೆ ಹಾಕುತ್ತೇವೆ. ಇದೇ ಮೈಸೂರಿನಲ್ಲಿ ಬಿಡಾರಂ ಕೃಷ್ಣಪ್ಪನವರು ದೇವರನಾಮಗಳಿಗೆ ಕಛೇರಿಯಲ್ಲಿ ದೊಡ್ಡ ಸ್ಥಾನ ಕೊಟ್ಟಿದ್ದರು. ನಾಲ್ವಡಿಯವರ ಕಾಲದಲ್ಲಿ ಮುತ್ತಯ್ಯ ಭಾಗವತರು ತಮಿಳುನಾಡಿನಿಂದ ಬಂದು, ಚಾಮುಂಡೇಶ್ವರಿಯ ಮೇಲೆ 108 ಕೃತಿಗಳನ್ನು ಕನ್ನಡದಲ್ಲೇ ಮಾಡಿದರು. ಮೋಹನಕಲ್ಯಾಣಿಯ 'ಭುವನೇಶ್ವರಿಯ' ಎಲ್ಲರ ಬಾಯಲ್ಲೂ ಇದೆ. ಉಳಿದವುಗಳಲ್ಲಿ ಬೆರಳೆಣಿಕೆಯಷ್ಟನ್ನು ಮಾತ್ರ ನಾನು ಕಛೇರಿಗಳಲ್ಲಿ ಕೇಳಿದ್ದೇನೆ. ತೆಲುಗು ಬೇಡ ಅಂತ ಹೇಳುತ್ತಿಲ್ಲ. ತ್ಯಾಗರಾಜರನ್ನು ಬಿಟ್ಟು ಕಛೇರಿ ಎಲ್ಲಿ ನಡೆಯುತ್ತೆ? ಚಪ್ಪಲಿ ಹುಡುಕುವ ಮೊದಲೇ ಒಂದು ಕನ್ನಡ ಕೃತಿ ವಿಸ್ತಾರವಾಗಿ ಬರಲಿ ಅಂತ ಅಷ್ಟೇ.

ವೀಣೆಯಲ್ಲಿ ಈ ಜಗಳ ಇಲ್ಲ ಅಂತ ಟೀಚರಮ್ಮನ ಹತ್ತಿರ ಒಮ್ಮೆ ಜಂಬದಿಂದ ಹೇಳಿದೆ. ಅವರು ನಕ್ಕು, 'ಇಲ್ಲಿ ಕೇಳಿ' ಅಂತ ಒಂದು ಸಾಲನ್ನು ಬಾಯಲ್ಲಿ ಹಾಡುತ್ತಾ ನುಡಿಸಿದರು. ಸಾಹಿತ್ಯದ ಅಕ್ಷರ ಎಲ್ಲಿ ಬೀಳುತ್ತದೋ ಅಲ್ಲಿ ಬಲಗೈ ಮೀಟುತ್ತದೆ. ಅಕ್ಷರ ಇಲ್ಲದ ಕಡೆ ಎಡಗೈ ಎಳೆದು ಕಾಲ ತುಂಬಿಸುತ್ತದೆ. ಅಂದರೆ ಹಾಡು ಗೊತ್ತಿರುವವರಿಗೆ ವೀಣೆಯಲ್ಲಿ ಮಾತು ಕೇಳಿಸುತ್ತದೆ. ಗೊತ್ತಿಲ್ಲದ ನನ್ನಂಥವರಿಗೆ ಸ್ವರ ಮಾತ್ರ. ಅವತ್ತಿನಿಂದ ಆ ಜಂಬ ಬಿಟ್ಟೆ.

ಇಷ್ಟೆಲ್ಲ ಹೇಳಿದ ಮೇಲೆ ಮೈಕಿನ ವಿಷಯ ಬರಲೇಬೇಕು. ಗೋಡೆಯಾಚೆ ಕೇಳಿ ಅಭ್ಯಾಸವಾದವನು ಮೊದಲ ಸಲ ಒಂದು ಸಭೆಗೆ ವೀಣೆ ಕೇಳಲು ಹೋದೆ. ಊರೆಲ್ಲ ಹೆಸರು ಮಾಡಿದ ಕಲಾವಿದರು. ವೀಣೆಗೊಂದು ಮೈಕು, ಅದಕ್ಕೆ ಎದುರಾಗಿ ಮೃದಂಗಕ್ಕೆ ಎರಡು, ಘಟಕ್ಕೊಂದು. ತಂತಿ ಮೀಟಿದರೆ ತಗಡಿನ ಮೇಲೆ ಆಲಿಕಲ್ಲು ಬಿದ್ದ ಸದ್ದು. ಅವರು ಪಾಪ ಕೈಸನ್ನೆ ಮಾಡುತ್ತಲೇ ಇದ್ದರು. ಮೈಕಿನ ಹುಡುಗ ಅದನ್ನು 'ಇನ್ನೂ ಜಾಸ್ತಿ' ಅಂತ ಅರ್ಥ ಮಾಡಿಕೊಂಡ. ನಾನು ಎದ್ದುಹೋಗಿ ಗೇಟಿನ ಹತ್ತಿರ ನಿಂತೆ. ಅಲ್ಲಿ ಸ್ವಲ್ಪ ಪರವಾಗಿಲ್ಲ ಅನ್ನಿಸಿತು. ವಾಣಿವಿಲಾಸ ಮೊಹಲ್ಲಾದ 8ನೇ ಕ್ರಾಸಿನಲ್ಲಿ 1962ರಿಂದ ಗಣಪತಿ ಹಬ್ಬದ ಕಛೇರಿಗಳು ನಡೆಯುತ್ತಿವೆಯಲ್ಲ, ಅಲ್ಲಿಗೂ ಪ್ರತಿ ವರ್ಷ ಹೋಗುತ್ತೇನೆ. ನನ್ನ ಜಾಗ ಪೆಂಡಾಲಿನ ಹೊರಗೆ, ಯಾರದೋ ಮನೆಯ ಕಾಂಪೌಂಡಿಗೆ ಒರಗಿ. ಒಳಗೆ ಕುರ್ಚಿ ಖಾಲಿ ಇದೆ ಬನ್ನಿ ಅಂತ ಪರಿಚಯದವರು ಕರೆಯುತ್ತಾರೆ. ಹೇಗೆ ಹೇಳಲಿ, ನನಗೆ ಒಂದು ಗೋಡೆ ಬೇಕು ಅಂತ?

ಆದರೆ ಮೈಕನ್ನು ಬೈಯುವಾಗಲೆಲ್ಲ ಪಿಟೀಲು ಚೌಡಯ್ಯನವರು ನೆನಪಾಗಿ ಬಾಯಿ ಕಟ್ಟುತ್ತದೆ. ತಿರುಮಕೂಡಲಿನವರು, ಬಿಡಾರಂ ಕೃಷ್ಣಪ್ಪನವರ ಶಿಷ್ಯರು. ಮೈಕು ಇಲ್ಲದ ಕಾಲದಲ್ಲಿ ದೊಡ್ಡ ಸಭೆಗಳಲ್ಲಿ ಪಿಟೀಲಿನ ನಾದ ಹಿಂದೆ ಕೂತವರಿಗೆ ಮುಟ್ಟುತ್ತಿರಲಿಲ್ಲ. ಅದಕ್ಕೆ ಅವರು ನಾಲ್ಕು ತಂತಿಯ ಪಿಟೀಲಿಗೆ ಇನ್ನೂ ಮೂರು ತಂತಿ ಸೇರಿಸಿದರು. ಮುಂದಿನ ಸಾಲಿನ ದೊಡ್ಡವರಿಗೆ ನಾಲ್ಕೇ ಸಾಕಾಗಿತ್ತು. ಆ ಮೂರು ತಂತಿ ಹಿಂದೆ ನಿಂತವರಿಗೆ. ಅಂದರೆ ನಮ್ಮಂಥವರಿಗೆ ಅಲ್ವಾ?

ರುಚಿಯ ವಿಷಯಕ್ಕೆ ಬಂದರೆ ಮೈಸೂರಿನಲ್ಲಿ ನನಗೆ ತುಂಬ ಹಿಡಿಸುವ ಮನುಷ್ಯ ಜಯಚಾಮರಾಜ ಒಡೆಯರ್. ಶ್ರೀವಿದ್ಯೆಯ ಉಪಾಸಕರು, ಸಂಸ್ಕೃತದಲ್ಲಿ 94 ಕೃತಿ ರಚಿಸಿದವರು. ಅವರಿಗೆ ಪಿಯಾನೋ ಅಂದರೂ ಪ್ರಾಣ. ಲಂಡನ್ನಿನಲ್ಲಿ ವಯಸ್ಸಾಗಿ, ಕಾಯಿಲೆಯಾಗಿ, ಹೆಚ್ಚು ಜನ ಕೇಳದೆ ಬಿಟ್ಟಿದ್ದ ನಿಕೊಲಾಯ್ ಮೆಟ್ನರ್ ಅನ್ನುವ ರಷ್ಯದ ಸಂಗೀತಗಾರರ ಕೃತಿಗಳು ಇವರಿಗೆ ಇಷ್ಟವಾಗಿ, 1940ರ ದಶಕದ ಕೊನೆಯಲ್ಲಿ ತಮ್ಮ ಖರ್ಚಿನಲ್ಲಿ ರೆಕಾರ್ಡ್ ಮಾಡಿಸಿದರು. ಮೆಟ್ನರ್ ತಮ್ಮ ಮೂರನೇ ಪಿಯಾನೋ ಕನ್ಸರ್ಟೋವನ್ನು ಮೈಸೂರು ಮಹಾರಾಜರಿಗೆ ಅರ್ಪಿಸಿದರು. ಅದನ್ನು ಮೊಬೈಲಿನಲ್ಲಿ ಹುಡುಕಿ ಎರಡು ಸಲ ಕೇಳಿದೆ. ನನಗೇನೂ ತಿಳಿಯಲಿಲ್ಲ. ಚಾಮುಂಡಿಬೆಟ್ಟದ ಕೆಳಗೆ ಕೂತ ಒಬ್ಬರಿಗೆ ಎಲ್ಲಿಯದೋ ಒಂದು ಸಂಗೀತ ಹಿಡಿಸಿತಲ್ಲ, ಅದಕ್ಕೆ ಕಾರಣ ಕೇಳಿದರೆ ಅವರಾದರೂ ಏನು ಹೇಳುತ್ತಿದ್ದರು?

ಚಿಕ್ಕಪ್ಪ ಒಮ್ಮೆ ಕಣ್ಣಿನ ಪೊರೆ ತೆಗೆಸಲು ಮೈಸೂರಿಗೆ ಬಂದವರು ನನ್ನ ರೂಮಿನಲ್ಲಿ ನಾಲ್ಕು ದಿನ ಇದ್ದರು. ಮೂರನೇ ಸಂಜೆ ಗೋಡೆಯಾಚೆ ಯಾವುದೋ ಮಗು 'ವರವೀಣಾ' ಶುರು ಮಾಡಿತು. ಚಿಕ್ಕಪ್ಪ ಕಪ್ಪು ಕನ್ನಡಕ ಹಾಕಿಕೊಂಡು ಮಲಗಿದ್ದವರು ಎದ್ದು ಕೂತರು. 'ಇದು ನಮ್ ಕೃಷ್ಣಂದು ಕಣ್ಲಾ' ಅಂದರು. ನಾನು ತಡೆಯುವ ಮೊದಲೇ ಕಂದಪದ್ಯ ಎತ್ತಿದರು. ಹಾರ್ಮೋನಿಯಂ ಇಲ್ಲ, ಏನಿಲ್ಲ, ನೇರ ಬಿಳಿ ನಾಲ್ಕು. ಕಿಂಡಿಯಲ್ಲಿದ್ದ ಗುಬ್ಬಚ್ಚಿ ಹಾರಿಹೋಯಿತು. ಆ ಕಡೆ ವೀಣೆ ನಿಂತಿತು. ಪದ್ಯ ಮುಗಿಯುವವರೆಗೂ ಸದ್ದೇ ಇಲ್ಲ.

ನನಗೆ ನಾಚಿಕೆಯಾಗಿ ಹೋಗಿತ್ತು. ಬೆಳಿಗ್ಗೆ ಟೀಚರಮ್ಮ ಸಿಕ್ಕಾಗ ತಲೆ ತಗ್ಗಿಸಿದೆ. ಅವರು ಕೇಳಿದ್ದು, 'ನಿನ್ನೆ ಹಾಡಿದವರು ಯಾರಪ್ಪಾ? ಕರ್ಕೊಂಡು ಬನ್ನಿ' ಅಂತ.

ಸಂಜೆ ಚಿಕ್ಕಪ್ಪ ಕಿವಿಗೆ ಮಫ್ಲರ್ ಸುತ್ತಿಕೊಂಡೇ ಬಂದು ಚಾಪೆಯ ತುದಿಯಲ್ಲಿ ಕೂತರು. ಟೀಚರಮ್ಮ ಶ್ರುತಿ ಮಾಡಿಕೊಂಡು ಮೋಹನ ನುಡಿಸಿದರು. ಗೀತೆ ಮುಗಿಸಿ, ಆಮೇಲೆ ಸುಮಾರು ಇಪ್ಪತ್ತು ನಿಮಿಷ ಆಲಾಪನೆ. ಐದು ನಿಮಿಷ ಆಗಿರಬೇಕು, ಚಿಕ್ಕಪ್ಪ ಮಫ್ಲರ್ ಬಿಚ್ಚಿ ಮಡಿಲಲ್ಲಿಟ್ಟುಕೊಂಡರು. ಇನ್ನೂ ಸ್ವಲ್ಪ ಹೊತ್ತಿಗೆ ಚಾಪೆ ಬಿಟ್ಟು ಮುಂದಕ್ಕೆ ಜರುಗಿದರು. ಕೊನೆಗೆ ವೀಣೆಯ ಬುರುಡೆಗೆ ಒಂದು ಮೊಳ ದೂರದಲ್ಲಿದ್ದರು. ಮುಗಿದ ಮೇಲೆ ಕೈ ಮುಗಿದರು. ಒನ್ಸ್‌ಮೋರ್ ಅನ್ನಲಿಲ್ಲ.

ಮಾರನೇ ದಿನ ಬಸ್‌ಸ್ಟ್ಯಾಂಡಿಗೆ ನಡೆದು ಹೋಗುವಾಗ ಹಾರ್ಡಿಂಜ್ ಸರ್ಕಲ್ ದಾಟುವವರೆಗೂ ಚಿಕ್ಕಪ್ಪ ಮಾತಾಡಲಿಲ್ಲ. ಆಮೇಲೆ ಅಂದರು, 'ಭಾರಿ ಚೆನ್ನಾಗಿತ್ತು ಕಣ್ಲಾ. ಆದ್ರೆ ಹಿಂದ್ಗಡೆ ಕುಂತೋರ್ಗೆ ಏನೂ ಕೇಳಕಿಲ್ಲ.'

ಅವರ ಹಿಂದೆ ಇದ್ದದ್ದು ಟೀಚರಮ್ಮನ ಅಡುಗೆಮನೆ.